ಸುತ್ತು ದಾರಿ ಹಿಡಿದವರು

ಅವರು ಹೋದ ಸುದ್ದಿ ನನಗೆ ವಾಟ್ಸ್ಯಾಪಿನಲ್ಲಿ ಬಂತು. ಹಳೆಯ ನರ್ಸಿಂಗ್ ಹೋಮಿನವರೆಲ್ಲ ಸೇರಿ ಮಾಡಿಕೊಂಡ ಗುಂಪು ಅದು. ದಿನಾ ಬೆಳಗ್ಗೆ ಹೂವಿನ ಚಿತ್ರ, ಹಬ್ಬ ಬಂದರೆ ದೀಪದ ಚಿತ್ರ, ಅಷ್ಟೇ ಅದರ ಬಂಡವಾಳ. ಅದರ ನಡುವೆ ಯಾರೋ ‘ನಮ್ಮ ಆಂಬುಲೆನ್ಸ್ ಅಣ್ಣ ಹೋಗ್ಬಿಟ್ರಂತೆ, ಕಿಡ್ನಿ’ ಎಂದು ಹಾಕಿದ್ದರು. ಕೆಳಗೆ ಸಾಲಾಗಿ ಎಲ್ಲರೂ ಕೈಮುಗಿದಿದ್ದರು. ನಾನೂ ಕೈಮುಗಿದೆ. ಆಮೇಲೆ ಫೋನು ಕೆಳಗಿಟ್ಟು, ಕುಕ್ಕರ್ ಕೂಗುತ್ತಿದ್ದರೂ ಏಳದೆ ಕೂತುಬಿಟ್ಟೆ. ಅಷ್ಟು ಸುಲಭವಾಗಿ ಕೈಮುಗಿಯುವ ಹಕ್ಕು ಆ ಗುಂಪಿನಲ್ಲಿ ಎಲ್ಲರಿಗೂ ಇತ್ತು, ನನಗೊಬ್ಬಳಿಗೆ ಇರಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾವ್ಯಾರೂ ಅವರನ್ನು ಹೆಸರು ಹಿಡಿದು ಕರೆದವರೂ ಅಲ್ಲ. ಡಾಕ್ಟರುಗಳಿಂದ ಹಿಡಿದು ನೆಲ ಒರೆಸುವ ಆಂಟಿಯವರೆಗೆ ಎಲ್ಲರಿಗೂ ಅವರು ‘ಅಣ್ಣ’. ವಿಜಯನಗರದ ಆ ಮೂರು ಮಹಡಿಯ ನರ್ಸಿಂಗ್ ಹೋಮಿನಲ್ಲಿ ಅವರು ಹಗಲು ಪಾಳಿಯ ಆಂಬುಲೆನ್ಸ್ ಡ್ರೈವರ್, ನಾನು ಅದರ ಹಿಂಬದಿಯಲ್ಲಿ ರೋಗಿಯ ಜೊತೆ ಕೂರುವ ನರ್ಸ್. ನಾಲ್ಕು ವರ್ಷ ಒಂದೇ ಗಾಡಿಯಲ್ಲಿ ಓಡಾಡಿದೆವು. ಐವತ್ತು ದಾಟಿದ್ದ ಕುಳ್ಳು ಮನುಷ್ಯ. ಇಸ್ತ್ರಿ ಮಾಡಿದ ಖಾಕಿ ಅಂಗಿ, ದಪ್ಪ ಮೀಸೆ, ಕಾಲಿಗೆ ಮಾತ್ರ ಹವಾಯಿ ಚಪ್ಪಲಿ. ಶೂ ಹಾಕಿಕೊಂಡರೆ ಕ್ಲಚ್ಚಿನ ಮಾತು ಕಾಲಿಗೆ ಕೇಳಿಸುವುದಿಲ್ಲ ಎನ್ನುತ್ತಿದ್ದರು.

ನನ್ನ ಸ್ವಭಾವವನ್ನೂ ಈಗಲೇ ಹೇಳಿಬಿಡುವುದು ಒಳ್ಳೆಯದು. ಲಿಫ್ಟಿನ ಗುಂಡಿಯನ್ನು ಐದು ಸಲ ಒತ್ತುವವಳು ನಾನು. ನಲ್ಲಿಯಲ್ಲಿ ನೀರು ಬರುವುದು ತಡವಾದರೆ ನಲ್ಲಿಗೇ ಬೈಯುವವಳು. ನನ್ನ ಅಮ್ಮ ‘ನಿನಗೆ ಏಳೇ ತಿಂಗಳಿಗೆ ಹುಟ್ಟಬೇಕಿತ್ತು ಕಣೇ’ ಎಂದು ರೇಗಿಸುತ್ತಿದ್ದಳು. ಅಂಥವಳನ್ನು ಆ ಮನುಷ್ಯನ ಗಾಡಿಗೆ ಹಾಕಿದ್ದರು. ಹಂಪ್ ಬಂದರೆ ಗಾಡಿಯನ್ನು ತೊಟ್ಟಿಲಿನಂತೆ ಇಳಿಸುತ್ತಿದ್ದರು. ಸಣ್ಣ ಗಲ್ಲಿ ಬಂದರೆ ಸೈರನ್ ಆರಿಸಿಬಿಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

“ಯಾಕಣ್ಣ ಆಫ್ ಮಾಡ್ತೀರಾ? ಎಮರ್ಜೆನ್ಸಿ ಅಲ್ವಾ ಇದು?” ಎಂದು ಕಿರುಚಿದರೆ, “ಗಲ್ಲೀಲಿ ಸೈರನ್ ಹಾಕಿದ್ರೆ ಜನ ಗಾಬ್ರಿಯಾಗಿ ಎದುರಿಗೇ ಬರ್ತಾರೆ ಸಿಸ್ಟ್ರೇ. ಮೆತ್ತಗೆ ಬಂದ್ರೆ ಅವ್ರೇ ದಾರಿ ಬಿಡ್ತಾರೆ” ಎನ್ನುತ್ತಿದ್ದರು. ಜನ ದಾರಿ ಬಿಡುತ್ತಿದ್ದರು ಎನ್ನುವುದು ನನಗೆ ಇನ್ನೂ ಸಿಟ್ಟು ತರಿಸುತ್ತಿತ್ತು.

ಅವರ ಈ ನಿಧಾನದ ಒಳಮರ್ಮ ನನಗೆ ಗೊತ್ತಾದದ್ದು ರಸ್ತೆಯಲ್ಲಲ್ಲ, ಒಂದು ವಿಡಿಯೋ ಗೇಮಿನಲ್ಲಿ. ನಮ್ಮ ವಿಶ್ರಾಂತಿಯ ಕೋಣೆ ನೆಲಮಾಳಿಗೆಯಲ್ಲಿ, ಜನರೇಟರಿನ ಪಕ್ಕದಲ್ಲಿತ್ತು. ರಿಸೆಪ್ಷನ್ನಿಗೆ ಹೊಸ ಟಿವಿ ಬಂದಾಗ ಹಳೆಯದು ಕೆಳಗಿಳಿದಿತ್ತು, ಅದರ ಒಂದು ಮೂಲೆಯಲ್ಲಿ ಸದಾ ಒಂದು ಹಸಿರು ಗೆರೆ. ಅಣ್ಣ ಎಲ್ಲಿಂದಲೋ ಹಳೆಯ ಗೇಮಿನ ಪೆಟ್ಟಿಗೆಯೊಂದನ್ನು ತಂದು ಅದಕ್ಕೆ ಜೋಡಿಸಿದ್ದರು. ಕರೆ ಇಲ್ಲದ ಹೊತ್ತಿನಲ್ಲಿ ಮಿಕ್ಕ ಡ್ರೈವರುಗಳು ಇಸ್ಪೀಟು ಆಡಿದರೆ ಇವರು ಚಪ್ಪಲಿ ಬಿಟ್ಟು, ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಗೇಮು ಆಡುತ್ತಿದ್ದರು. ನಮಗೆಲ್ಲ ಅದೊಂದು ತಮಾಷೆ. “ಏನಣ್ಣಾ, ಈ ವಯಸ್ಸಲ್ಲಿ!” ಎಂದರೆ ಮೀಸೆಯೊಳಗೇ ನಗುತ್ತಿದ್ದರು.

ಅದು ಗಾಡಿ ರೇಸಿನ ಆಟ, ಆದರೆ ಅದರಲ್ಲಿ ರಸ್ತೆಯೇ ಇಲ್ಲ. ಕಣ್ಣು ಹಾಯುವಷ್ಟು ದೂರ ಬಯಲು, ಮರಳು, ಬಂಡೆ, ಹಳ್ಳ, ಕೆಸರು, ಆಚೆಗೆ ಹಿಮದ ಗುಡ್ಡಗಳು. ಎಲ್ಲಿಗೆ ಬೇಕಾದರೂ ಹೋಗಬಹುದು, ತಡೆಯುವವರಿಲ್ಲ. ರೇಸು ಶುರುವಾದರೆ ದೂರದಲ್ಲೊಂದು ಬೆಳಕಿನ ಕಂಬ ಕಾಣುತ್ತದೆ. ಅದನ್ನು ಮುಟ್ಟಿದರೆ ಇನ್ನೊಂದು, ಆಮೇಲೆ ಮತ್ತೊಂದು. ಹೇಗೆ ಮುಟ್ಟಬೇಕು ಎನ್ನುವುದು ನಿಮಗೆ ಬಿಟ್ಟದ್ದು. ಪರದೆಯ ಮೇಲಿನ ಬಾಣ ಮಾತ್ರ ಯಾವಾಗಲೂ ನೇರಕ್ಕೇ ತೋರಿಸುತ್ತದೆ. ಆ ನೇರದಲ್ಲಿ ಪ್ರಪಾತವಿದೆಯೋ ಕೆಸರಿದೆಯೋ, ಬಾಣಕ್ಕೆ ಅದರ ಚಿಂತೆಯಿಲ್ಲ.

ಒಂದು ಮಧ್ಯಾಹ್ನ ಡಬ್ಬಿ ಊಟ ಮುಗಿಸಿ “ಕೊಡಿ ಇಲ್ಲಿ” ಎಂದು ಅವರ ಕೈಯಿಂದ ಕಿತ್ತುಕೊಂಡು ಆಡಿದೆ. ಬಾಣ ತೋರಿಸಿದ ಕಡೆಗೆ ಗಾಡಿಯನ್ನು ಬಿಟ್ಟೆ. ಮೊದಲು ಬಂಡೆಗೆ ಹೊಡೆದೆ. ಆಮೇಲೆ ಹಳ್ಳಕ್ಕೆ ಬಿದ್ದೆ. ಹೊಡೆತಕ್ಕೆ ಚಕ್ರ ಸೊಟ್ಟಗಾಗಿ ಗಾಡಿ ಎಡಕ್ಕೇ ಎಳೆಯತೊಡಗಿತು. ರಿಪೇರಿಗೊಂದು ಗುಂಡಿ ಇದೆ, ಆದರೆ ಅದನ್ನು ಒತ್ತಿ ಹಿಡಿದಿರುವಷ್ಟು ಹೊತ್ತೂ ಉಳಿದವರು ಮುಂದೆ ಹೋಗಿಬಿಡುತ್ತಾರೆ. ನಾನು ಒತ್ತಿದೆ, ಮತ್ತೆ ಹೊಡೆದೆ, ಮತ್ತೆ ಒತ್ತಿದೆ. ಕೊನೆಗೆ ಗಾಡಿ ಕೆಸರಿನಲ್ಲಿ ಹೊಟ್ಟೆಯವರೆಗೆ ಹೂತುಹೋಯಿತು. ಅಣ್ಣ ಪರದೆಯ ಕಡೆ ಬೆರಳು ತೋರಿಸಿದರು.

“ಆ ಕೆಸ್ರು ಹೊಳೀತಿತ್ತು, ನೋಡ್ಲಿಲ್ವಾ? ಹೊಳೆಯೋ ಕಡೆ ಒಳಗೆ ನೀರಿರುತ್ತೆ. ಹುಲ್ಲಿರೋ ಕಡೆ ಚಕ್ರ ಕೊಡ್ಬೇಕು, ಅಲ್ಲಿ ಹಿಡಿತ ಸಿಗುತ್ತೆ.”

“ನಿಮಗೆ ಹೆಂಗೆ ಗೊತ್ತು?”

“ಹೆಗ್ಗನಹಳ್ಳೀಲಿ ನಮ್ಮ ರಾಗಿ ಹೊಲ ಇತ್ತಲ್ಲ. ಮಳೆ ಆದ್ಮೇಲೆ ಟ್ರ್ಯಾಕ್ಟರ್ ಇಳಿಸ್ತಿದ್ದೆ. ಈಗ ಅಲ್ಲಿ ನಾಲ್ಕಂತಸ್ತಿನ ಮನೆಗಳಾಗವೆ. ಇಲ್ಲಿ ಬಂದು ಇಳಿಸ್ತೀನಿ ಅಷ್ಟೆ.”

ಅವರು ಆಟವಾಡುವ ರೀತಿಯೇ ಬೇರೆ. ಆ ಪೆಟ್ಟಿಗೆ ತಂದ ಮೊದಲ ತಿಂಗಳು ಒಂದೇ ಒಂದು ರೇಸಿಗೂ ಇಳಿಯಲಿಲ್ಲ. ಬಯಲಿನಲ್ಲಿ ಸುಮ್ಮನೆ ಗಾಡಿ ಓಡಿಸುತ್ತಿದ್ದರು. ಗುಡ್ಡದ ಹಿಂದೆ ಏನಿದೆ, ಯಾವ ಹಳ್ಳದಲ್ಲಿ ಇಳಿದರೆ ಆಚೆ ಹತ್ತಬಹುದು, ಮಧ್ಯಾಹ್ನದ ಬಿಸಿಲು ಯಾವ ಕಡೆಯಿಂದ ಕಣ್ಣಿಗೆ ಹೊಡೆಯುತ್ತದೆ, ಇದೇ ಅವರ ತಪಾಸಣೆ. ಆ ಆಟದಲ್ಲಿ ನಾವು ಓಡಾಡಿದ ನೆಲವಷ್ಟೇ ನಕ್ಷೆಯಲ್ಲಿ ತೆರೆದುಕೊಳ್ಳುತ್ತದೆ. ನಾನು ಆಡಿದಾಗ ನಕ್ಷೆಯಲ್ಲಿ ಕಪ್ಪು ತುಂಬಿ, ನಡುವೆ ಒಂದು ಗೀಟು ಮಾತ್ರ ಕಂಡಿತ್ತು. ಅವರ ನಕ್ಷೆ ಮೂಲೆಮೂಲೆಯವರೆಗೆ ಬಿಚ್ಚಿ ಹರಡಿತ್ತು. “ರೇಸು ಯಾವಾಗ ಆಡ್ತೀರಣ್ಣ?” ಎಂದರೆ, “ಜಾಗ ಇನ್ನೂ ಪರಿಚಯ ಆಗಿಲ್ಲ ಸಿಸ್ಟ್ರೇ” ಎಂದಿದ್ದರು, ಹೆಣ್ಣು ನೋಡಲು ಹೋಗಿ ಬಂದವರ ಹಾಗೆ.

ಕೊನೆಗೆ ರೇಸಿಗೆ ಇಳಿದಾಗ ನಾವೆಲ್ಲ ಸುತ್ತ ನಿಂತು ನೋಡಿದೆವು. ಶುರುವಿನಲ್ಲಿ ಎಲ್ಲರಿಗಿಂತ ಹಿಂದೆ ಉಳಿದರು. ಮುಂದಿದ್ದವರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡು ಉರುಳುತ್ತಿದ್ದಾಗ ಪಕ್ಕದಿಂದ ಸರಿದು ಹೋದರು. ನಡುವೆ ಮರಳಿನ ಬಿರುಗಾಳಿ ಎದ್ದಿತು, ಏನೂ ಕಾಣಿಸುತ್ತಿರಲಿಲ್ಲ. ಆ ಮನುಷ್ಯ ಗಾಡಿ ನಿಲ್ಲಿಸಿಬಿಟ್ಟರು! “ಅಣ್ಣಾ, ಹೋಗಿ, ಹೋಗೀ” ಎಂದು ನಾನು ಅವರ ಕುರ್ಚಿಯನ್ನೇ ಅಲ್ಲಾಡಿಸಿದೆ. ಧೂಳು ಸ್ವಲ್ಪ ತೆಳುವಾಗುವವರೆಗೆ ಕಾದು, ಬಾಣ ಬಲಕ್ಕೆ ತೋರಿಸುತ್ತಿದ್ದರೂ ಎಡಕ್ಕೆ ತಿರುಗಿಸಿ, ಯಾವುದೋ ಒಣಗಿದ ಹಳ್ಳದೊಳಗಿಳಿದು ಹೋದರು. ಆ ಹಳ್ಳ ನೇರ ಬೆಳಕಿನ ಕಂಬದ ಬುಡದಲ್ಲಿ ಮೇಲೆದ್ದಿತು. ಮೊದಲಿಗರಾಗಿ ಬಂದರು. ಗಾಡಿಗೆ ಒಂದು ಗೀರು ಕೂಡ ಆಗಿರಲಿಲ್ಲ.

“ಅವಸರದೋರಿಗೆ ಈ ಆಟ ಗಾಡಿ ಕೊಡುತ್ತೆ, ದಾರಿ ಕೊಡಲ್ಲ” ಎಂದರು. “ದಾರಿ ಬೇಕಂದ್ರೆ ಮುಂಚೇನೇ ಬಂದು ಕೇಳಿರ್ಬೇಕು.”

ಅವರು ಹಾಗೆ ಕೇಳುತ್ತಲೂ ಇದ್ದರು, ಆಟದಲ್ಲಷ್ಟೇ ಅಲ್ಲ. ದಿನಾ ಪಾಳಿಗೆ ಒಂದು ಗಂಟೆ ಮುಂಚೆ ಮನೆ ಬಿಟ್ಟು, ತಮ್ಮ ಹಳೆಯ ಸ್ಕೂಟರಿನಲ್ಲಿ ಮಾಗಡಿ ರಸ್ತೆಯ ಆಚೀಚೆ, ಮಾರೇನಹಳ್ಳಿ, ವಿಜಯನಗರದ ಗಲ್ಲಿಗಳಲ್ಲಿ ಒಂದು ಸುತ್ತು ಹಾಕಿಕೊಂಡು ಬರುತ್ತಿದ್ದರು. ಎಲ್ಲಿ ಚರಂಡಿಗೆ ಅಗೆದಿದ್ದಾರೆ, ಎಲ್ಲಿ ಜಲ್ಲಿ ಸುರಿದಿದ್ದಾರೆ, ಯಾರ ಮನೆಯ ಗೃಹಪ್ರವೇಶಕ್ಕೆ ರಸ್ತೆಗೆ ಅಡ್ಡ ಶಾಮಿಯಾನ ಹಾಕಿದ್ದಾರೆ, ಎಲ್ಲವನ್ನೂ ನೋಡಿ ಬರುತ್ತಿದ್ದರು. ಗಾಡಿಯ ಗಾಜನ್ನು ಒದ್ದೆ ಪೇಪರಿನಿಂದ ಒರೆಸುತ್ತಾ ಅದನ್ನೆಲ್ಲ ನನಗೆ ಒಪ್ಪಿಸುತ್ತಿದ್ದರು. ನಾವು ಅದನ್ನು ‘ಅಣ್ಣನ ವಾರ್ತೆ’ ಎನ್ನುತ್ತಿದ್ದೆವು. ನಾನು ಫೋನು ನೋಡುತ್ತಾ ಹೂಂ, ಹೂಂ ಎನ್ನುತ್ತಿದ್ದೆ. ನಾಲ್ಕು ವರ್ಷದಲ್ಲಿ ಒಂದು ದಿನವೂ ಅದನ್ನು ಸರಿಯಾಗಿ ಕೇಳಿಸಿಕೊಂಡವಳಲ್ಲ.

ಈಗ ಆ ದಿನದ ವಿಷಯ. ಇಷ್ಟು ಹೊತ್ತು ಆಟದ ಕತೆ ಹೇಳಿಕೊಂಡು ಬಂದದ್ದೇ ಇದನ್ನು ಮುಂದೂಡುವುದಕ್ಕಿರಬೇಕು.

ಬೆಳಗ್ಗೆ ಹತ್ತರ ಹೊತ್ತಿಗೆ ಮಾರೇನಹಳ್ಳಿಯ ಹಿಂಬದಿಯ ಒಂದು ಮನೆಯಿಂದ ಕರೆ ಬಂತು. ಅರವತ್ತು ದಾಟಿದ ಗಂಡಸು, ಎದೆನೋವು, ಉಸಿರು ಸಿಗುತ್ತಿಲ್ಲ. ಕೆಂಗೇರಿ ಉಪನಗರದಲ್ಲಿದ್ದ ಅವರ ಮಗಳು ಅವತ್ತು ಬೆಳಗ್ಗೆಯಷ್ಟೇ ತವರಿಗೆ ಬಂದಿದ್ದಳು, ಫೋನು ಮಾಡಿದ್ದೂ ಅವಳೇ. ಅಣ್ಣ ಯಾವ ದಾರಿ ಹಿಡಿದರೋ, ಹಿಂದೆ ಫೋನು ನೋಡುತ್ತಾ ಕೂತಿದ್ದ ನಾನು ಗಮನಿಸಲಿಲ್ಲ, ಬೇಗನೇ ತಲುಪಿದೆವು. ಎರಡನೇ ಮಹಡಿಗೆ ಆಕ್ಸಿಜನ್ ಸಿಲಿಂಡರ್ ಹೊತ್ತು ಹತ್ತಿದೆ. ಮೇಲೆ ಹೋಗಿ ನೋಡಿದರೆ ಸಿಲಿಂಡರ್ ತೆರೆಯುವ ಕೀ ಇಲ್ಲ. ಬೆರಳುದ್ದದ ಕಬ್ಬಿಣದ ತುಂಡು ಅದು, ಅದಿಲ್ಲದೆ ಸಿಲಿಂಡರ್ ಬರೀ ಭಾರ. ಪಾಳಿ ಶುರುವಾಗುವಾಗ ಅದು ಇದೆಯೋ ಇಲ್ಲವೋ ನೋಡಿಕೊಳ್ಳುವುದು ನನ್ನ ಕೆಲಸ. ಅವತ್ತು ನಾನು ನೋಡಿರಲಿಲ್ಲ.

ಕೆಳಗೆ ಓಡಿದೆ. ನನ್ನ ಮುಖ ನೋಡಿಯೇ ಅಣ್ಣನಿಗೆ ಅರ್ಥವಾಯಿತು. ಡ್ಯಾಶ್‌ಬೋರ್ಡಿನೊಳಗಿಂದ ತಮ್ಮದೊಂದು ಕೀ ತೆಗೆದು ಕೈಗಿಟ್ಟರು. “ಓಡ್ಬೇಡಿ, ಮೆಟ್ಲು ನೋಡ್ಕೊಂಡು ಹತ್ತಿ” ಎಂದರು, ಅಷ್ಟೇ. ಅಷ್ಟರಲ್ಲಿ ಎಷ್ಟು ನಿಮಿಷ ಹೋಯಿತೋ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದೇ ಇವತ್ತಿಗೂ ನನ್ನನ್ನು ತಿನ್ನುತ್ತದೆ.

ರೋಗಿಯನ್ನು ಇಳಿಸಿ ಗಾಡಿಗೆ ಹತ್ತಿಸಿದೆವು. ಹಿಂದೆ ನಾನು ಮತ್ತು ಅವರು ಇಬ್ಬರೇ. ಮಗಳು ತನ್ನ ಕಾರಿನಲ್ಲಿ ಹಿಂದೆ ಹೊರಟಳು. ಬೀದಿಯ ತುದಿಯಲ್ಲಿ ನೇರ ಹೋದರೆ ನಾಲ್ಕು ನಿಮಿಷದ ದಾರಿ, ನನ್ನ ಫೋನಿನ ನಕ್ಷೆಯೂ ಅದನ್ನೇ ತೋರಿಸುತ್ತಿತ್ತು. ಅಣ್ಣ ಬಲಕ್ಕೆ ತಿರುಗಿಸಿದರು. ನಾನು ನಡುವಿನ ಕಿಟಕಿಗೆ ಬಡಿದು, “ಸ್ಟ್ರೈಟ್ ಹೋಗಿ ಅಣ್ಣಾ! ಯಾಕೆ ಸುತ್ತಿಸ್ತಿದೀರಾ?” ಎಂದು ಚೀರಿದೆ. “ಆ ಕಡೆ ಆಗಲ್ಲ ಸಿಸ್ಟ್ರೇ, ನೀವು ಅವ್ರನ್ನ ನೋಡ್ಕೊಳಿ” ಎಂದರು. ನೀರಿನ ಟ್ಯಾಂಕಿನ ಹಿಂದಿನಿಂದ ಸುತ್ತಿ ನರ್ಸಿಂಗ್ ಹೋಮ್ ತಲುಪಿದೆವು. ಸ್ಟ್ರೆಚರ್ ಒಳಗೆ ಹೋಗುವ ಹೊತ್ತಿಗೆ ಅವರ ನಾಡಿ ನನ್ನ ಬೆರಳಿಗೆ ಸಿಗುತ್ತಿರಲಿಲ್ಲ. ಡಾಕ್ಟರು ಅರ್ಧ ಗಂಟೆ ಪ್ರಯತ್ನಪಟ್ಟು ಹೊರಗೆ ಬಂದು ತಲೆಯಾಡಿಸಿದರು.

ನಾಲ್ಕೈದು ದಿನ ಬಿಟ್ಟು ಮಗಳು ದೂರು ಬರೆದುಕೊಂಡು ಬಂದಳು. ಮ್ಯಾನೇಜರ್ ನಮ್ಮಿಬ್ಬರನ್ನೂ ಅವಳ ಮುಂದೆಯೇ ಕರೆಸಿದರು. ಅತ್ತು ಅತ್ತು ಊದಿಕೊಂಡ ಮುಖ, ಆದರೆ ದನಿ ಗಟ್ಟಿಯಾಗಿತ್ತು.

“ಸ್ಟ್ರೈಟ್ ರೋಡ್ ಬಿಟ್ಟು ನಮ್ಮಪ್ಪನ್ನ ಎಲ್ಲೆಲ್ಲೋ ಸುತ್ತಿಸಿದ್ರು ಸಾರ್. ನಾನು ಹಿಂದೇನೇ ಬರ್ತಿದ್ದೆ, ಕಣ್ಣಾರೆ ನೋಡಿದೀನಿ.”

ಮ್ಯಾನೇಜರ್ ಮೊದಲು ತಿರುಗಿದ್ದು ಅಣ್ಣನ ಕಡೆ. ಅವರು ಆ ಹುಡುಗಿಯನ್ನು ಒಮ್ಮೆ ನೋಡಿದರು, ಮತ್ತೆ ನೆಲ ನೋಡಿದರು. “ಆ ದಾರಿ ಸರಿ ಇರ್ಲಿಲ್ಲ ಸಾರ್” ಎಂದರು. ಹೇಗೆ ಸರಿ ಇರಲಿಲ್ಲ ಎಂದು ಕೇಳಿದರೆ ಬಾಯಿ ಬಿಡಲಿಲ್ಲ.

ಆಗ ನನಗೆ ಹೆದರಿಕೆಯಾಯಿತು. ಇವರು ಸುಮ್ಮನಿರುವುದು ನೋಡಿದರೆ ಮುಂದಿನ ಮಾತು ಕೀ ವಿಷಯವೇ ಇರಬೇಕು ಅನ್ನಿಸಿತು. ನನ್ನ ಕೆಲಸ ಹೋಗುತ್ತದೆ, ನರ್ಸಿಂಗ್ ರಿಜಿಸ್ಟ್ರೇಶನ್ನಿಗೇ ಕುತ್ತು ಬರುತ್ತದೆ ಎಂದುಕೊಂಡೆ. ಯಾರೂ ನನ್ನನ್ನು ಕೇಳಿರಲಿಲ್ಲ. ನಾನೇ ಮುಂದೆ ಬಿದ್ದೆ.

“ನಾನು ಸ್ಟ್ರೈಟ್ ಹೋಗಿ ಅಂತ ಹೇಳ್ದೆ ಸಾರ್. ಅವ್ರು ಕೇಳ್ಲಿಲ್ಲ.”

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ನನ್ನ ಬಾಯಿಂದ ಅಷ್ಟು ಹೊಲಸು ಮಾತು ಅದಕ್ಕೆ ಮುಂಚೆ ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ಅಣ್ಣ ತಲೆ ಎತ್ತಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಬಿರುಗಾಳಿಯಲ್ಲಿ ಗಾಡಿ ನಿಲ್ಲಿಸಿ ಕೂತಾಗ ಪರದೆಯನ್ನು ನೋಡುತ್ತಿದ್ದರಲ್ಲ, ಹಾಗೆ ನೋಡಿದರು. ಕೀ ಬಗ್ಗೆ ಒಂದು ಮಾತೂ ಆಡಲಿಲ್ಲ. ಆ ವಾರ ಮುಗಿಸಿ ಶನಿವಾರದಿಂದ ಬರುವುದು ಬೇಡ ಎಂದು ಮ್ಯಾನೇಜರ್ ಅವರಿಗೆ ಹೇಳಿದರು.

ಮಾರನೆಯ ದಿನ ಪಾಳಿ ಮುಗಿದ ಮೇಲೆ ನಾನು ಆ ನೇರ ದಾರಿಗೆ ಹೋದೆ. ನನ್ನ ಮಾತು ಸರಿ ಎಂದು ನನಗೇ ರುಜುವಾತು ಮಾಡಿಕೊಳ್ಳಬೇಕಿತ್ತು. ರಸ್ತೆ ಖಾಲಿಯಾಗಿತ್ತು, ಲಾರಿಯೇ ಹೋಗುವಷ್ಟು ಅಗಲ. ನನಗೆ ಒಳಗೊಳಗೇ ಸಮಾಧಾನವಾಯಿತು. ಬೀದಿಯ ತುದಿಯಿಂದ ಕಾಣದ ಒಂದು ತಿರುವು ದಾಟಿದ ಮೇಲೆ ಕಾಲಿಗೆ ಏನೋ ತೊಡರಿತು. ಟಾರಿನಲ್ಲೊಂದು ಗುಳಿ, ಮರಳು ತುಂಬಿತ್ತು. ಪಕ್ಕದಲ್ಲಿ ಇನ್ನೊಂದು. ನೋಡಿದರೆ ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಸಾಲಾಗಿ ಗುಳಿಗಳು. ಪೆಂಡಾಲಿನ ಕಂಬ ನೆಟ್ಟ ಗುಳಿಗಳು ಎಂದು ಈ ಊರಿನಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೂಲೆಯಲ್ಲಿ ಹೂ ಕಟ್ಟುತ್ತಿದ್ದ ಆಂಟಿಯನ್ನು ಕೇಳಿದೆ.

“ಅಣ್ಣಮ್ಮ ದೇವ್ರನ್ನ ಕೂರ್ಸಿದ್ರಲ್ಲಮ್ಮ. ಪ್ರತಿ ವರ್ಷ ಆ ಖಾಲಿ ಸೈಟಲ್ಲಿ ಪೆಂಡಾಲ್ ಹಾಕ್ತಿದ್ರು. ಅಲ್ಲಿ ಈಗ ಮನೆ ಕಟ್ಟಿಸ್ತಾವ್ರೆ, ಅದಕ್ಕೆ ಈ ಸಲ ರಸ್ತೇಲೇ ಹಾಕ್ಬಿಟ್ರು. ಸ್ಟೇಜು, ಸೀರಿಯಲ್ ಲೈಟು, ಎಲ್ಲಾನೂ. ಸೈಕಲ್ ಹೋಗಕ್ಕೂ ಜಾಗ ಇರ್ಲಿಲ್ಲ.”

“ಯಾವಾಗ ಬಿಚ್ಚಿದ್ರು?”

“ಉತ್ಸವದ ಅಧ್ಯಕ್ಷರು ಹೋಗ್ಬಿಟ್ರಲ್ಲ ಪಾಪ, ಎದೆನೋವು ಬಂದು. ಅವತ್ತು ಸಂಜೇನೇ ದೇವ್ರನ್ನ ಕಳ್ಸಿ ಎಲ್ಲ ಬಿಚ್ಚಾಕಿದ್ರು. ಅವ್ರೇ ಮುಂದೆ ನಿಂತು ಹಾಕ್ಸಿದ್ದಮ್ಮ ಆ ಪೆಂಡಾಲ್ನ.”

ನಾನು ಆ ಗುಳಿಗಳ ಪಕ್ಕದಲ್ಲೇ ನಿಂತುಕೊಂಡೆ. ಅಣ್ಣ ಅವತ್ತು ಬೆಳಗ್ಗೆ ಗಾಜು ಒರೆಸುತ್ತಾ ‘ಅಣ್ಣಮ್ಮ’ ಎಂದೇನೋ ಹೇಳಿದ್ದು ಆಗ ನೆನಪಾಯಿತು. ನಾನು ಹೂಂ ಎಂದಿದ್ದೆ. ಮ್ಯಾನೇಜರ್ ಕೋಣೆಯಲ್ಲಿ ಅವರು ಯಾಕೆ ಬಾಯಿ ಬಿಡಲಿಲ್ಲ ಎನ್ನುವುದೂ ಅರ್ಥವಾಯಿತು. ಬಿಟ್ಟಿದ್ದರೆ, ಅಪ್ಪನ ದಾರಿಗೆ ಅಡ್ಡ ನಿಂತದ್ದು ಅಪ್ಪನೇ ಕಟ್ಟಿಸಿದ ಪೆಂಡಾಲು ಎಂದು ಆ ಮಗಳ ಮುಖಕ್ಕೇ ಹೇಳಿದ ಹಾಗೆ ಆಗುತ್ತಿತ್ತು. ಅವಳು ಆ ಬೆಳಗ್ಗೆ ಇನ್ನೊಂದು ಕಡೆಯಿಂದ ಬಂದವಳು, ಪೆಂಡಾಲು ರಸ್ತೆಗೆ ಬಂದಿರುವುದು ಅವಳಿಗೆ ಗೊತ್ತೇ ಇರಲಿಲ್ಲ. ಪೆಂಡಾಲು ಹಾಕಿದ ಬೀದಿಯವರು ತಮ್ಮ ಮೇಲೆ ಬಂದೀತೆಂದು ತುಟಿ ಹೊಲಿದುಕೊಂಡಿದ್ದರು.

ಶನಿವಾರಕ್ಕೆ ಇನ್ನೂ ಮೂರು ದಿನ ಇತ್ತು. ಮೂರೂ ದಿನ ನಾನು ಅದೇ ಗಾಡಿಯಲ್ಲಿ ಅವರ ಜೊತೆ ಹೋದೆ. ಅವರು ಎಂದಿನ ಹಾಗೆ ಗಾಜು ಒರೆಸಿದರು, ವಾರ್ತೆ ಒಪ್ಪಿಸಿದರು. ಈ ಸಲ ನಾನು ಒಂದೊಂದು ಮಾತನ್ನೂ ಕೇಳಿಸಿಕೊಂಡೆ, ಆದರೆ ನಾನು ಮಾತಾಡಲಿಲ್ಲ. ಶನಿವಾರ ಅವರು ಸಂಬಳದ ಲೆಕ್ಕ ಮುಗಿಸಿಕೊಳ್ಳಲು ಬಂದು, ಟಿವಿಯಿಂದ ಗೇಮಿನ ಪೆಟ್ಟಿಗೆ ಬಿಚ್ಚಿ, ತಂತಿ ಸುತ್ತಿ, ಅಕ್ಕಿ ಚೀಲದಲ್ಲಿ ಹಾಕಿಕೊಂಡು ಹೋದರು. ನಾನು ವಾರ್ಡಿನಲ್ಲಿ ಏನೋ ಕೆಲಸ ಹಚ್ಚಿಕೊಂಡು ಕೆಳಗೆ ಇಳಿಯಲೇ ಇಲ್ಲ.

ಆಮೇಲೆ ಯಾವ ಆಸ್ಪತ್ರೆಯೂ ಅವರನ್ನು ಆಂಬುಲೆನ್ಸಿಗೆ ಕರೆಯಲಿಲ್ಲ. ಇಂಥ ಸುದ್ದಿ ಒಂದು ನರ್ಸಿಂಗ್ ಹೋಮಿನಿಂದ ಇನ್ನೊಂದಕ್ಕೆ ಹಬ್ಬಲು ಹೊತ್ತು ಬೇಕಾಗಿಲ್ಲ. ‘ಪೇಶಂಟನ್ನ ಸುತ್ತಿಸಿ ಸಾಯಿಸಿದ ಡ್ರೈವರ್’ ಎಂದು ಒಬ್ಬ ವಾರ್ಡ್ ಬಾಯ್ ನನ್ನ ಎದುರಿಗೇ ಅಂದ. ನಾನು ಅವನಿಗೆ ಬಾಯಿಗೆ ಬಂದ ಹಾಗೆ ಬೈದೆ. ಬೈದದ್ದೇ ದೊಡ್ಡ ಪ್ರಾಯಶ್ಚಿತ್ತ ಎಂಬಂತೆ ಅವತ್ತು ಚೆನ್ನಾಗಿ ಊಟ ಮಾಡಿದೆ.

ಎರಡು ವರ್ಷ ಕಳೆದ ಮೇಲೆ, ಅವರಿಗೆ ಡಯಾಲಿಸಿಸ್ ನಡೆಯುತ್ತಿದೆ ಎಂದು ಕೇಳಿ, ಒಂದು ಭಾನುವಾರ ಮಧ್ಯಾಹ್ನ ಹೆಗ್ಗನಹಳ್ಳಿಗೆ ಹೋದೆ. ಅವರ ಹೆಂಡತಿ ಬಾಗಿಲು ತೆಗೆದು, “ಬನ್ನಿ, ಆಟ ಆಡ್ತಾವ್ರೆ” ಎಂದು ಒಳಗೆ ಕರೆದರು. ಅಣ್ಣ ಅರ್ಧಕ್ಕೆ ಇಳಿದುಹೋಗಿದ್ದರು. ಖಾಕಿ ಇರಲಿಲ್ಲ, ಲುಂಗಿ, ಬನಿಯನ್ ಅಷ್ಟೇ. ಬಯಲಿನಲ್ಲಿ ಗಾಡಿ ಮೆಲ್ಲಗೆ ಹೋಗುತ್ತಿತ್ತು. ನನ್ನನ್ನು ನೋಡಿ ನಿಲ್ಲಿಸಿದರು.

“ಗುಳಿ ನೋಡ್ದೆ ಅಣ್ಣ” ಎಂದೆ. ಬೇರೆ ಯಾವ ಪೀಠಿಕೆಯೂ ಬಾಯಿಗೆ ಬರಲಿಲ್ಲ. “ನೀವು ಕೆಲ್ಸ ಬಿಟ್ಟ ವಾರಾನೇ ನೋಡ್ದೆ. ನಾನು ಎಲ್ರಿಗೂ ಹೇಳ್ತೀನಿ. ಆ ಹುಡುಗಿಗೂ ಹೋಗಿ ಹೇಳ್ತೀನಿ, ಪೆಂಡಾಲ್ ಇತ್ತು ಅಂತ.”

“ಬೇಡ” ಎಂದರು. “ಅದನ್ನ ಹೇಳ್ಬೇಡಿ. ಅಪ್ಪನ್ನ ನೆನೆಸ್ಕೊಂಡಾಗೆಲ್ಲ ಆ ಮಗು ಪೆಂಡಾಲ್ ನೆನೆಸ್ಕೋಬೇಕಾ? ನನ್ನ ಬೈಕೊಂಡು ನೆಮ್ಮದಿಯಾಗಿದ್ರೆ ಇರ್ಲಿ ಬಿಡಿ.”

ನಾನು ಅಳತೊಡಗಿದೆ. ಅವರ ಹೆಂಡತಿ ಕಾಫಿ ತಂದಿಟ್ಟು ಒಳಗೆ ಹೋದರು. ಅಣ್ಣ ನಾನು ಅತ್ತು ಮುಗಿಸುವವರೆಗೂ ಕಾದರು.

“ಪೆಂಡಾಲ್ ವಿಷ್ಯ ನಾನು ಹೇಳ್ಬಾರ್ದಿತ್ತು, ಹೇಳ್ಲಿಲ್ಲ. ಆದ್ರೆ ಕೀ ವಿಷ್ಯ ನಿಮ್ದಲ್ವಾ ಸಿಸ್ಟ್ರೇ. ಅದನ್ನ ನೀವು ಹೇಳ್ಬೋದಿತ್ತು. ಮೂರು ದಿನ ಒಂದೇ ಗಾಡೀಲಿ ಬಂದ್ರಿ. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಕಾದೆ.” ಕಾಫಿ ಲೋಟವನ್ನು ನನ್ನ ಕಡೆ ಸರಿಸಿ, “ಆಮೇಲೂ ಕಾದೆ” ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಆಟದಲ್ಲಿ ಕಾದವರಿಗೆ ಹಳ್ಳದೊಳಗೆ ದಾರಿ ಸಿಗುತ್ತಿತ್ತು, ಧೂಳು ತಾನಾಗಿ ಇಳಿಯುತ್ತಿತ್ತು. ಆ ಆಟವನ್ನು ಮಾಡಿದವರು ಯಾರೋ ನ್ಯಾಯವಂತರಿರಬೇಕು. ಇಲ್ಲಿ ಅವರು ಕಾದದ್ದು ನನಗಾಗಿ. ನಾನು ಧೂಳಲ್ಲ, ತಾನಾಗಿ ಇಳಿಯಲಿಲ್ಲ.

ಅವತ್ತು ಖಂಡಿತ ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ. ಮತ್ತೆ ಒಂದು ವರ್ಷ ಹೋಯಿತು. ಆ ಹುಡುಗಿಯ ವಿಳಾಸ ಗೊತ್ತಿರಲಿಲ್ಲ ಎಂದು ನನಗೇ ನಾನು ಹೇಳಿಕೊಂಡೆ. ವಿಳಾಸ ಸಿಕ್ಕ ಮೇಲೆ ಹಬ್ಬ ಮುಗಿಯಲಿ ಎಂದೆ, ಮಗನ ಪರೀಕ್ಷೆ ಮುಗಿಯಲಿ ಎಂದೆ. ಲಿಫ್ಟಿಗೆ ಕಾಯಲಾರದವಳಿಗೆ ಇದಕ್ಕೆ ಮಾತ್ರ ಎಲ್ಲಿಲ್ಲದ ತಾಳ್ಮೆ ಬಂದಿತ್ತು. ಆಮೇಲೆ ವಾಟ್ಸ್ಯಾಪಿನಲ್ಲಿ ಆ ಸುದ್ದಿ ಬಂತು.

ಅವರ ಕಾರ್ಯವೆಲ್ಲ ಮುಗಿದ ಮೇಲೆ ಕೆಂಗೇರಿ ಉಪನಗರಕ್ಕೆ ಹೋದೆ. ಬೆಳಗಿನ ಹೊತ್ತು. ಆಕೆ ಗೇಟಿನ ಒಳಗೆ ಗಿಡಕ್ಕೆ ನೀರು ಹಾಕುತ್ತಿದ್ದಳು. ನನ್ನ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು, ಹತ್ತಿದ ಮೇಲೆ ಗೇಟು ತೆಗೆಯಲಿಲ್ಲ. ಅಲ್ಲೇ ನಿಂತು ಕೀ ವಿಷಯ ಹೇಳಿದೆ. ನಾನು ನೋಡದೆ ಬಂದದ್ದು, ಎರಡು ಮಹಡಿ ಇಳಿದು ಓಡಿದ್ದು, ಅವರು ತಮ್ಮ ಕೀ ಕೊಟ್ಟದ್ದು, ಈಗ ಅವರೇ ತೀರಿಕೊಂಡದ್ದು, ಎಲ್ಲವನ್ನೂ ಹೇಳಿದೆ. ಆಕೆಯ ಕೈಯಲ್ಲಿದ್ದ ಪೈಪಿನಿಂದ ನೀರು ಒಂದೇ ಕುಂಡಕ್ಕೆ ಬಿದ್ದು ಹೊರಗೆ ಹರಿಯುತ್ತಿತ್ತು.

“ಕೀ ಇದ್ದಿದ್ರೆ ಅಪ್ಪ ಉಳೀತಿದ್ರಾ?”

“ಗೊತ್ತಿಲ್ಲ” ಎಂದೆ. “ಡಾಕ್ಟ್ರು ಕಷ್ಟ ಇತ್ತು ಅಂದ್ರು. ನನಗೆ ಗೊತ್ತಿಲ್ಲ.”

“ಮತ್ತೆ ಆ ಸುತ್ತು ದಾರಿ? ಅದನ್ಯಾಕೆ ಹಿಡಿದ್ರು ಅವ್ರು?”

ಈ ಪ್ರಶ್ನೆ ಬರುತ್ತದೆ ಎಂದು ಗೊತ್ತಿದ್ದೂ ಉತ್ತರ ಸಿದ್ಧಮಾಡಿಕೊಂಡು ಹೋಗಿರಲಿಲ್ಲ. ಪೆಂಡಾಲು ನಾಲಿಗೆಯ ತುದಿಯವರೆಗೆ ಬಂತು. ನುಂಗಿಕೊಂಡೆ.

“ನಾನೇ ಹೇಳಿದ್ದು” ಎಂದೆ. “ಆ ಕಡೆಯಿಂದ ಹೋಗಿ ಅಂತ ನಾನೇ ಹೇಳಿದ್ದು.”

“ಮ್ಯಾನೇಜರ್ ರೂಮಲ್ಲಿ ಬೇರೆ ಹೇಳಿದ್ರಿ.”

“ಸುಳ್ಳು ಹೇಳಿದ್ದೆ.”

ಆಕೆ ನಲ್ಲಿ ನಿಲ್ಲಿಸಿದಳು. “ಅಪ್ಪನ ವರ್ಷದ ತಿಥಿ ದಿನ ಅವ್ರು ಇಲ್ಲಿಗೆ ಬಂದಿದ್ರು. ನಾನು ಗೇಟ್ ತೆಗೀಲಿಲ್ಲ. ಬಾಯಿಗೆ ಬಂದಂಗೆ ಅಂದು ಕಳ್ಸ್ಬಿಟ್ಟೆ. ಒಂದ್ ಮಾತೂ ಆಡ್ದೆ ಹೋದ್ರು” ಎಂದಳು. ಒಳಗೆ ಹೋಗಿ ಮುಖ ತೊಳೆದು, ಸೀರೆ ಬದಲಿಸಿ, ಕಾರಿನ ಕೀ ಹಿಡಿದು ಹೊರಗೆ ಬಂದಳು.

“ಅವ್ರ ಮನೆ ಎಲ್ಲಿ?”

ಹೆಗ್ಗನಹಳ್ಳಿಯ ಗುರುತು ಹೇಳಿದೆ. ಎಲ್ಲಿ ತಿರುಗಬೇಕು, ಎಷ್ಟನೇ ಮನೆ, ಎಲ್ಲ ಹೇಳಿದೆ. ಅವರ ಹೆಂಡತಿ ಈ ಹೊತ್ತಿಗೆ ಮನೆಯಲ್ಲೇ ಇರುತ್ತಾರೆ ಎಂದೂ ಹೇಳಿ, ದಾರಿ ತೋರಿಸಲು ಕಾರಿನ ಕಡೆ ಒಂದು ಹೆಜ್ಜೆ ಇಟ್ಟೆ.

“ನೀವು ಬರ್ಬೇಡಿ” ಎಂದು ಆಕೆ ಬಾಗಿಲು ಹಾಕಿಕೊಂಡಳು.